ಗಂಡ ಹೆಂಡಿರ ಜಗಳ ಬಜೆಟ್ ಮಂಡಿಸೋ ತನಕ

ನಮ್ಮ ಸರ್ಕಾರಕ್ಕೆ ದುಡ್ಡು ಉಳಿಸೋಕೆ ಬರಲ್ಲ ಅಂತ ಬೈಯುವವರನ್ನು ಕಂಡರೆ ನನಗೆ ಬೇಜಾರು. ಉಳಿಸುತ್ತದೆ ಸ್ವಾಮಿ, ಚೆನ್ನಾಗಿಯೇ ಉಳಿಸುತ್ತದೆ. ಎಲ್ಲಿ ಕೈ ಹಾಕಿದರೆ ಯಾರೂ ಬೀದಿಗೆ ಇಳಿಯುವುದಿಲ್ಲ ಅನ್ನೋದು ಅದಕ್ಕೆ ಗೊತ್ತು, ಅಷ್ಟೇ. ಬಸ್ ನೌಕರರನ್ನು ಮುಟ್ಟಿದರೆ ಮುಷ್ಕರ. ಕಬ್ಬು ಬೆಳೆಗಾರರನ್ನು ಮುಟ್ಟಿದರೆ ಹೆದ್ದಾರಿ ಬಂದ್. ಗಂಡನ ಕೈಲಿ ಏಟು ತಿಂದವಳು ಊದಿದ ಕೆನ್ನೆ ಇಟ್ಟುಕೊಂಡು ಫ್ರೀಡಂ ಪಾರ್ಕಿಗೆ ಬಂದು ಕೂರುತ್ತಾಳಾ? ಸೆರಗು ಎಳೆದುಕೊಂಡು 'ಬಚ್ಚಲಲ್ಲಿ ಜಾರಿ ಬಿದ್ದೆ' ಅನ್ನುತ್ತಾಳೆ. ಇಷ್ಟು ಸುರಕ್ಷಿತ ಉಳಿತಾಯ ಯಾವ ಬ್ಯಾಂಕಿನಲ್ಲಿ ಸಿಗುತ್ತದೆ ಹೇಳಿ.

2020ರ ಡಿಸೆಂಬರ್‌ನಲ್ಲಿ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನ ಮೊದಲ ಕಂತಿನ ಅಂಕಿಅಂಶ ಬಂತು. ಕರ್ನಾಟಕದಲ್ಲಿ ಮದುವೆಯಾದ, 18ರಿಂದ 49 ವರ್ಷದ ಹೆಂಗಸರಲ್ಲಿ ಶೇ 44.4 ಮಂದಿ ಗಂಡನಿಂದ ಹಿಂಸೆ ಅನುಭವಿಸಿದವರು. ಹಿಂದಿನ ಸಮೀಕ್ಷೆಯಲ್ಲಿ ಈ ಅಂಕಿ 20.6 ಇತ್ತು. ಎಲ್ಲ ರಾಜ್ಯಗಳ ಲೆಕ್ಕ ಬಂದ ಮೇಲೆ ನೋಡಿದರೆ ನಾವೇ ಫಸ್ಟು. ಕಾಫಿಯಲ್ಲಿ ಫಸ್ಟು, ರೇಷ್ಮೆಯಲ್ಲಿ ಫಸ್ಟು, ಸಾಫ್ಟ್‌ವೇರ್‌ನಲ್ಲಿ ಫಸ್ಟು ಅಂತ ಪೇಪರಿನ ಮುಖಪುಟ ತುಂಬಾ ಜಾಹೀರಾತು ಕೊಡುವ ನಾವು ಈ ಪಟ್ಟಕ್ಕೆ ಮಾತ್ರ ಒಂದು ಫ್ಲೆಕ್ಸೂ ಕಟ್ಟಿಸಲಿಲ್ಲ.

ಹಾಗಂತ ಸರ್ಕಾರ ಸುಮ್ಮನೆ ಕೂರಲಿಲ್ಲ. 2021ರಲ್ಲಿ ಒಂದು ತೀರ್ಮಾನ ಮಾಡಿತು. ರಾಜ್ಯದ ಹತ್ತಾರು ಸಾಂತ್ವನ ಕೇಂದ್ರಗಳನ್ನು ಮುಚ್ಚುವ ತೀರ್ಮಾನ.

ಸಾಂತ್ವನ ಕೇಂದ್ರ ನೋಡಿದ್ದೀರಾ? ಏಟು ತಿಂದ, ನೊಂದ ಹೆಂಗಸರಿಗೆ ಅಂತ 2000-01ರಲ್ಲಿ ನಮ್ಮ ರಾಜ್ಯವೇ ಶುರು ಮಾಡಿದ ಯೋಜನೆ. ಸ್ವಯಂಸೇವಾ ಸಂಸ್ಥೆಗಳು ನಡೆಸುತ್ತವೆ, ಸರ್ಕಾರ ದುಡ್ಡು ಕೊಡುತ್ತದೆ, ಅಂದರೆ ಕೊಟ್ಟಾಗ ಕೊಡುತ್ತದೆ. ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಒಂದು ಬಾಡಿಗೆ ರೂಮು. ನಾಲ್ಕು ಪ್ಲಾಸ್ಟಿಕ್ ಕುರ್ಚಿ, ಒಂದು ಫೋನು, ಮೂಲೆ ಮಡಚಿಹೋದ ಒಂದು ರಿಜಿಸ್ಟರು. ಆಪ್ತ ಸಮಾಲೋಚಕಿ ಅಂತ ಒಬ್ಬ ಅಕ್ಕ. ಬಾಗಿಲಲ್ಲಿ ಯಾರಾದರೂ ಚಪ್ಪಲಿ ಇಲ್ಲದೆ ನಿಂತರೆ ಆ ಅಕ್ಕ ಹೆಸರು ಕೇಳುವುದಿಲ್ಲ, ಆಧಾರ್ ಕೇಳುವುದಿಲ್ಲ. 'ಬಾರಮ್ಮ, ಕೂತ್ಕೊ, ಮೊದ್ಲು ನೀರು ಕುಡಿ' ಅನ್ನುತ್ತಾಳೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ ಜಾಗದಲ್ಲಿ ಹೀಗೆ ಮಾತಾಡಿದರೆ ಆಡಿಟ್‌ನವರಿಗೆ ಅನುಮಾನ ಬರದೇ ಇರುತ್ತಾ?

ಮುಚ್ಚೋಕೆ ಕೊಟ್ಟ ಕಾರಣ ಸರಳ. ನೊಂದ ಹೆಂಗಸರಿಗೆ ನೆರವು, ತಾತ್ಕಾಲಿಕ ಆಶ್ರಯ ಕೊಡೋಕೆ ಜಿಲ್ಲೆಗೊಂದು ಸಖಿ ಒನ್ ಸ್ಟಾಪ್ ಸೆಂಟರ್ ಇದೆಯಲ್ಲ, ಒಂದೇ ಕೆಲಸಕ್ಕೆ ಎರಡೆರಡು ಯಾಕೆ? ಅದಕ್ಕೆ ದುಡ್ಡು ಕೇಂದ್ರ ಕೊಡುತ್ತದೆ, ನಮ್ಮ ಜೇಬಿನ ದುಡ್ಡು ಉಳಿಯುತ್ತದೆ.

ಎಷ್ಟು ಒಳ್ಳೆಯ ತರ್ಕ ಅಲ್ವಾ? ಇದನ್ನೇ ಅಬಕಾರಿ ಇಲಾಖೆಗೂ ಹಚ್ಚಬಹುದಿತ್ತು. ಜಿಲ್ಲೆಗೊಂದು ವೈನ್ ಶಾಪ್ ಇದೆಯಲ್ಲ, ಹೋಬಳಿಗೊಂದು ಯಾಕೆ? ಆದರೆ ಅಲ್ಲಿ ಟಾರ್ಗೆಟ್ ಇದೆ. 2024-25ಕ್ಕೆ 38,525 ಕೋಟಿ, 2025-26ಕ್ಕೆ 40,000 ಕೋಟಿ. ಬಜೆಟ್ ಭಾಷಣದಲ್ಲಿ ಈ ಅಂಕಿ ಓದುವಾಗ ಯಾವ ಮುಖ್ಯಮಂತ್ರಿಯ ಗಂಟಲೂ ಕಟ್ಟುವುದಿಲ್ಲ. ಹೀಗಾಗಿ ಕುಡಿಯುವವನಿಗೆ ಸೇವೆ ಮನೆ ಬಾಗಿಲಿಗೆ, ಕುಡಿದವನ ಕೈಲಿ ಏಟು ತಿಂದವಳಿಗೆ ಸೇವೆ ಜಿಲ್ಲಾ ಕೇಂದ್ರದಲ್ಲಿ. (ಕುಡಿಯದೆ ಹೊಡೆಯುವವರೂ ಬೇಕಾದಷ್ಟಿದ್ದಾರೆ. ಬೆಳಗಿನ ಫಿಲ್ಟರ್ ಕಾಫಿ ಮುಗಿಸಿ, ಲೋಟ ಪಕ್ಕಕ್ಕಿಟ್ಟು ಹೊಡೆಯುವ ಸಭ್ಯರು. ಅವರಿಂದ ಖಜಾನೆಗೆ ಪೈಸೆ ಲಾಭವಿಲ್ಲ.)

ಈಗ ಜಿಲ್ಲಾ ಕೇಂದ್ರಕ್ಕೆ ಹೋಗೋಣ. ಪಾವಗಡ ಅಂತ ಇಟ್ಟುಕೊಳ್ಳಿ. ಅಲ್ಲಿನ ಕೇಂದ್ರ ಮುಚ್ಚಿದ್ದಾರೆ ಅಂತ ನಾನು ಹೇಳುತ್ತಿಲ್ಲ, ದೂರದ ಲೆಕ್ಕಕ್ಕೆ ಹೇಳಿದೆ. ಅಲ್ಲಿಂದ ತುಮಕೂರು ನೂರು ಕಿಲೋಮೀಟರ್ ಆಸುಪಾಸು. ಗಂಡಂದಿರು ಸಾಮಾನ್ಯವಾಗಿ ಕಚೇರಿ ವೇಳೆಯಲ್ಲಿ ಹೊಡೆಯುವುದಿಲ್ಲ. ರಾತ್ರಿ ಹತ್ತೂವರೆಗೆ ಶುರು. ಹೆಂಡತಿ ಮಗುವನ್ನು ಕಂಕುಳಿಗೆ ಹಾಕಿಕೊಂಡು ಹೊರಗೆ ಓಡಿ ಬರುತ್ತಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಬಸ್ ಫ್ರೀ. ಒಳ್ಳೆಯ ಯೋಜನೆ, ನಿಜವಾಗಿ ಒಳ್ಳೆಯ ಯೋಜನೆ. ಆದರೆ ಆ ಹೊತ್ತಿಗೆ ಅವಳ ಊರಿನಿಂದ ಬಸ್ಸೇ ಇರುವುದಿಲ್ಲ. ಬೆಳಗಿನ ಜಾವದ ತನಕ ಯಾರದೋ ಜಗಲಿಯಲ್ಲಿ ಕಾದು ಬಸ್ ಹತ್ತಿದಳು ಅನ್ನಿ, ಕಂಡಕ್ಟರ್ 'ಕಾರ್ಡ್ ತೋರ್ಸಮ್ಮ' ಅನ್ನುತ್ತಾನೆ. ಕಾರ್ಡ್ ಬೀರುವಿನಲ್ಲಿದೆ. ಬೀರುವಿನ ಕೀ ಗಂಡನ ಉಡಿದಾರದಲ್ಲಿದೆ. ಹೊಡೆಸಿಕೊಂಡು ಓಡುವವರು ಮುಂಚಿತವಾಗಿ ದಾಖಲೆ ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಬೇಕು, ಇಷ್ಟೂ ಶಿಸ್ತು ಬೇಡವೇ?

ಹೇಗೋ ತುಮಕೂರು ಮುಟ್ಟಿದಳು. ಸಖಿಯಲ್ಲಿ ಐದು ದಿನ ಇರಬಹುದು, ನಿಯಮ ಹಾಗಿದೆ. ಹದಿನೈದು ವರ್ಷದಲ್ಲಿ ಸರಿಹೋಗದ ಗಂಡ ಐದು ದಿನದಲ್ಲಿ ಸರಿಹೋಗುತ್ತಾನೆ ಅಂತ ಯಾರೋ ಲೆಕ್ಕ ಹಾಕಿರಬೇಕು. ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತ ನಮ್ಮ ಹಿರಿಯರು ಒಂದೇ ರಾತ್ರಿ ಕೊಟ್ಟಿದ್ದರು. ಸರ್ಕಾರ ಇನ್ನೂ ನಾಲ್ಕು ದಿನ ಸೇರಿಸಿದೆ. ಉದಾರ ಮನಸ್ಸು.

ಅಂದಹಾಗೆ, ಮುಚ್ಚಲು ಹೊರಟ ಪಕ್ಷ ಬೇರೆ, ಆಮೇಲೆ ಗದ್ದುಗೆ ಏರಿದ ಪಕ್ಷ ಬೇರೆ. ಎಮ್ಮೆ ಕರು ಹಾಕಿದರೂ ಪರಸ್ಪರ ಬೈದುಕೊಳ್ಳುವ ಇವರು ಈ ವಿಷಯಕ್ಕೆ ವಿಧಾನಸೌಧದಲ್ಲಿ ಅಂಗಿ ಹರಿದುಕೊಂಡಿದ್ದು ನನಗಂತೂ ನೆನಪಿಲ್ಲ.

ದುಡ್ಡೇ ಇಲ್ಲ ಅನ್ನುವಂತಿಲ್ಲ. ಹೆಂಗಸರ ಸುರಕ್ಷತೆಗೆ ಅಂತ ಕೇಂದ್ರದ ನಿರ್ಭಯಾ ನಿಧಿ 2013ರಲ್ಲಿ 1,000 ಕೋಟಿಯೊಂದಿಗೆ ಶುರುವಾಯಿತು. ಅದರ ನೆರವಿನಲ್ಲಿ ಬೆಂಗಳೂರಿಗೆ 667 ಕೋಟಿಯ ಸೇಫ್ ಸಿಟಿ ಯೋಜನೆ ಬಂತು, ಸಿಗ್ನಲ್ಲು ಸಿಗ್ನಲ್ಲಿಗೂ ಕ್ಯಾಮೆರಾ ಬಂತು. ಒಳ್ಳೆಯದೇ. ಬೀದಿಯಲ್ಲಿ ಚುಡಾಯಿಸುವವನು ಸಿಕ್ಕಿಬೀಳಲಿ. ಆದರೆ ಮನೆಯೊಳಗೆ ಹೊಡೆಯುವವನು ಹೊಡೆಯೋಕೆ ಅಂತ ಎಂ.ಜಿ. ರಸ್ತೆಗೆ ಬರಲ್ಲ. ಅವನು ಬಾಗಿಲು ಹಾಕಿಕೊಂಡು, ಟಿವಿ ಸೌಂಡ್ ಜಾಸ್ತಿ ಮಾಡುತ್ತಾನೆ. ಮುಂಬೈಯವರದು ಇನ್ನೂ ಒಂದು ಕೈ ಮೇಲು. ಅಲ್ಲಿ ಪೊಲೀಸರು ಇದೇ ನಿಧಿಯಲ್ಲಿ ಕೊಂಡ ಬೊಲೆರೊಗಳಲ್ಲಿ ಕೆಲವು ಶಿವಸೇನೆಯಿಂದ ಒಡೆದು ಬಂದ ಏಕನಾಥ ಶಿಂಧೆ ಬಣದ ಶಾಸಕರು, ಸಂಸದರ ಬೆಂಗಾವಲಿಗೆ ಹೋದವು ಅಂತ 2022ರಲ್ಲಿ ಸುದ್ದಿಯಾಯಿತು. ಪಕ್ಷ ಬಿಟ್ಟು ಬಂದ ಶಾಸಕರಿಗಿಂತ ಭಯಭೀತ ಅಬಲೆಯರು ಬೇರೆ ಯಾರಿದ್ದಾರೆ?

ಇನ್ನು ಕಾನೂನು. ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರಲ್ಲಿ ಬಂತು, 2006ರ ಅಕ್ಟೋಬರ್ 26ಕ್ಕೆ ಜಾರಿಯಾಯಿತು. ಚೆಂದದ ಕಾಯ್ದೆ. ಅರ್ಜಿ ಬಂದರೆ ಮೂರು ದಿನದೊಳಗೆ ಮೊದಲ ವಿಚಾರಣೆ, 60 ದಿನದೊಳಗೆ ಇತ್ಯರ್ಥಕ್ಕೆ ಪ್ರಯತ್ನ. 2022ರ ಜುಲೈ ಹೊತ್ತಿಗೆ ದೇಶದಲ್ಲಿ ಬಾಕಿ ಇದ್ದ ಕೇಸು 4.71 ಲಕ್ಷ. ಪ್ರಯತ್ನ ನಡೆದಿದೆ ಅನ್ನೋದಕ್ಕೆ ಇದೇ ಸಾಕ್ಷಿ.

ಈ ಕಾಯ್ದೆಯಲ್ಲಿ ಸಂರಕ್ಷಣಾಧಿಕಾರಿ ಅಂತ ಒಬ್ಬರಿರಬೇಕು. ಹೆಂಗಸಿನ ಮಾತು ಕೇಳಿ, ವರದಿ ಬರೆದು, ಕೋರ್ಟಿಗೆ ಕೊಟ್ಟು, ವಕೀಲರನ್ನು, ಆಶ್ರಯವನ್ನು, ಡಾಕ್ಟರನ್ನು ಹುಡುಕಿಕೊಡುವವರು. ಹೊಸ ಹುದ್ದೆ ಅಂದರೆ ಹೊಸ ಸಂಬಳ. ಅದಕ್ಕೇ ನಮ್ಮಲ್ಲಿ ಆ ಕೆಲಸವನ್ನು ಸಿಡಿಪಿಒಗಳ, ಅಂದರೆ ಅಂಗನವಾಡಿ ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ, ತಲೆಗೆ ಕಟ್ಟಿದರು. ಸಿಡಿಪಿಒ ಮೇಡಂ ಟೇಬಲ್ ಹೇಗಿರುತ್ತದೆ ಗೊತ್ತಾ? ಅಂಗನವಾಡಿ ಮೊಟ್ಟೆಯ ಬಿಲ್ಲು, ಪೋಷಣ್ ಟ್ರ್ಯಾಕರ್‌ನಲ್ಲಿ ಅಪ್‌ಲೋಡ್ ಆಗದ ಮಕ್ಕಳ ತೂಕ, ಗೃಹಲಕ್ಷ್ಮಿ ದುಡ್ಡು ಬಂದಿಲ್ಲ ಅಂತ ಜಗಳಕ್ಕೆ ನಿಂತ ಸಾಲು, ಸಂಜೆ ನಾಲ್ಕಕ್ಕೆ ಜಿಲ್ಲಾಧಿಕಾರಿಗಳ ವಿಡಿಯೋ ಕಾನ್ಫರೆನ್ಸು. ಇದರ ನಡುವೆ ತುಟಿ ಒಡೆದ ಒಬ್ಬಳು ಬಂದು ಕೂತರೆ ಮೇಡಂ ಡಿಐಆರ್, ಅಂದರೆ ಕೌಟುಂಬಿಕ ಹಿಂಸೆಯ ವರದಿಯ ಫಾರಂ ತೆಗೆಯಬೇಕು. ಹೊಡೆದ ದಿನಾಂಕ? ಸ್ಥಳ? ಸಮಯ? ಅವಳು 'ಯಾವ ಸಲದ್ದು ಹೇಳ್ಲಿ ಮೇಡಂ?' ಅನ್ನುತ್ತಾಳೆ. ಅದಕ್ಕೆ ಫಾರಂನಲ್ಲಿ ಅಷ್ಟು ಜಾಗ ಇಲ್ಲ. ಅಷ್ಟರಲ್ಲಿ ಫೋನು, ಯಾವುದೋ ಅಂಗನವಾಡಿಯಲ್ಲಿ ಕೊಳೆತ ಮೊಟ್ಟೆ. ಮೇಡಂ ಎದ್ದು ಹೊರಟರೆ ಅವರನ್ನು ಬೈಯೋಕೆ ನನಗೆ ಬಾಯಿ ಬರಲ್ಲ.

2025ರ ಮೇ 20ರಂದು ಸುಪ್ರೀಂ ಕೋರ್ಟ್ ಎಲ್ಲ ರಾಜ್ಯಗಳಿಗೂ ಹೇಳಿತು. ಸಂರಕ್ಷಣಾಧಿಕಾರಿ ಇಲ್ಲದ ಕಡೆ ಆರು ವಾರದೊಳಗೆ ಇಲಾಖೆಯ ಅಧಿಕಾರಿಗಳನ್ನು ಗುರುತಿಸಿ ಹೆಸರಿಸಿ ಅಂತ. ಗುರುತಿಸೋಕೆ ಏನು ಖರ್ಚು? ನಮ್ಮಲ್ಲಂತೂ ಮೊದಲೇ ಗುರುತಿಸಿ ಆಗಿದೆ. ಅದೇ ಮೇಡಂ, ಅದೇ ಟೇಬಲ್. ಹೆಚ್ಚೆಂದರೆ ಗೋಡೆಗೆ ಇನ್ನೊಂದು ಬೋರ್ಡ್ ಬೇಕಾದೀತು. ಮುಚ್ಚಿದ ಯಾವುದಾದರೂ ಸಾಂತ್ವನ ಕೇಂದ್ರದ ಬೋರ್ಡ್ ಗೋಡೌನ್‌ನಲ್ಲಿ ಬಿದ್ದಿರಬಹುದು, ಅದನ್ನೇ ತಂದು ಹಿಂಬದಿಗೆ ಬರೆಸಿದರೆ ತಗಡಿನ ದುಡ್ಡೂ ಉಳಿಯುತ್ತದೆ.