ಬೆಕ್ಕನ್ನು ಎತ್ತಿಕೊಳ್ಳಬೇಡಿ, ಅದೇ ಬರಲಿ

"ಬೆಕ್ಕಿಗೆ ನಿಯತ್ತಿಲ್ಲ, ಅದಕ್ಕೆ ಮನೆ ಮುಖ್ಯ, ಮನುಷ್ಯರಲ್ಲ" ಅನ್ನುವವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ಅದು ಮನೆಗೆ ಬಂದ ದಿನ ನೀವೆಲ್ಲ ಏನು ಮಾಡಿದಿರಿ? ಸಾಮಾನ್ಯವಾಗಿ ಬರುವ ಉತ್ತರ, ಎತ್ತಿಕೊಂಡೆವು. ಮಕ್ಕಳು ಸರದಿಯಲ್ಲಿ ಎತ್ತಿಕೊಂಡರು, ಪಕ್ಕದ ಮನೆಯವರು ನೋಡಲು ಬಂದು ಎತ್ತಿಕೊಂಡರು, ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ತೋರಿಸೋಕೆ ಮತ್ತೆ ಎತ್ತಿದರು. ರಾತ್ರಿ ಹೊತ್ತಿಗೆ ಅದು ಫ್ರಿಜ್ಜಿನ ಹಿಂದೆ ಸೇರಿತ್ತು.

ನಮ್ಮಲ್ಲಿ ಮುದ್ದು ಅಂದರೆ ಎತ್ತಿ ಎದೆಗೊತ್ತಿಕೊಳ್ಳುವುದು. ಕೂಸಿಗೆ ಅದು ಸರಿ. ಬೆಕ್ಕು ಬೇಟೆಗಾರ ಪ್ರಾಣಿಯಾದರೂ ನಾಯಿಯ ಬಾಯಿಗೆ, ಹದ್ದಿನ ಕಾಲಿಗೆ ಸಿಗುವಷ್ಟು ಸಣ್ಣದು. ನಾಲ್ಕೂ ಕಾಲು ನೆಲ ಬಿಟ್ಟವೆಂದರೆ ಯಾರದೋ ಕೈಗೆ ಸಿಕ್ಕಿಬಿದ್ದೆ ಎಂದೇ ಅದರ ಮೈ ಬಿಗಿದುಕೊಳ್ಳುತ್ತದೆ. ಆದ್ದರಿಂದ ಬೆಕ್ಕು ಸಾಕುವ ವಿಷಯದಲ್ಲಿ ನನ್ನ ಹಟ ಇಷ್ಟೇ: ಎದ್ದು ಹೋಗುವ ದಾರಿ ಸದಾ ಅದಕ್ಕಿರಬೇಕು. ತಿನಿಸು, ಆಟಿಕೆ, ಸಾವಿರಾರು ರೂಪಾಯಿಯ ಹಾಸಿಗೆ ಎಲ್ಲ ಆಮೇಲಿನ ಮಾತು.

ನಿಯತ್ತಿನ ವಿಷಯ ಬಂದದ್ದಕ್ಕೆ ಹೇಳುತ್ತೇನೆ. ಅಮೆರಿಕದ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದವರು ಬೆಕ್ಕಿನ ಮರಿಗಳನ್ನು ಸಾಕಿದವರ ಜೊತೆ 2 ನಿಮಿಷ ಹೊಸ ಕೋಣೆಯಲ್ಲಿ ಬಿಟ್ಟು, ಆಮೇಲೆ 2 ನಿಮಿಷ ಒಂಟಿಯಾಗಿಸಿ, ಸಾಕಿದವರನ್ನು ಮತ್ತೆ ಒಳಗೆ ಕಳಿಸಿ ನೋಡಿದರು. 2019ರಲ್ಲಿ ಬಂದ ಆ ಅಧ್ಯಯನದಲ್ಲಿ ಶೇ. 64ರಷ್ಟು ಮರಿಗಳು ಸಾಕಿದವರನ್ನು ಕಂಡೊಡನೆ ನಿರಾಳವಾಗಿ, ಅವರನ್ನು ಮಾತಾಡಿಸಿ, ಮತ್ತೆ ಕೋಣೆ ಸುತ್ತಲು ಹೋದವು. ಮನುಷ್ಯರನ್ನು ಹಚ್ಚಿಕೊಳ್ಳುವ ಶಕ್ತಿ ಅದಕ್ಕೆ ಇದೆ. ನಾವೇ ಅದನ್ನು ಮೊದಲ ವಾರದಲ್ಲಿ ಕೆಡಿಸುತ್ತೇವೆ.

ಎಂಥ ಬೆಕ್ಕು ತಂದಿದ್ದೀರಿ ಅನ್ನುವುದರ ಮೇಲೂ ಬಹಳ ನಿಂತಿದೆ. ಮರಿಗೆ 2ನೇ ವಾರದಿಂದ 7ನೇ ವಾರದವರೆಗೆ ಮನುಷ್ಯರ ಕೈ, ವಾಸನೆ, ದನಿ ಪರಿಚಯವಾದರೆ ಮುಂದೆ ಅರ್ಧ ಕೆಲಸ ಮುಗಿದಂತೆ. ಹಾಗಂತ ಆ ವಯಸ್ಸಿಗೇ ತಾಯಿಯಿಂದ ಕಿತ್ತು ತರಬೇಡಿ. ಈ ಪರಿಚಯ ತಾಯಿ ಇರುವಲ್ಲೇ ಆಗಬೇಕು, ಬೇರ್ಪಡಿಸುವುದು 8 ವಾರ ತುಂಬಿದ ಮೇಲೆ. ಮೀನು ಮಾರ್ಕೆಟ್ಟು, ಹೋಟೆಲಿನ ಹಿತ್ತಲಲ್ಲಿ ಬೆಳೆದ ದೊಡ್ಡ ಬೆಕ್ಕು ಜನರ ಕಾಲ ಸಂದಿಯಲ್ಲೇ ಓಡಾಡಿದ್ದು, ಕೆಲವೇ ದಿನದಲ್ಲಿ ಹೊಂದಿಕೊಳ್ಳಬಹುದು. ಮನುಷ್ಯರ ಸಂಪರ್ಕವೇ ಇಲ್ಲದೆ ಬೆಳೆದ ಆರೇಳು ತಿಂಗಳ ಬೆಕ್ಕಿಗೆ ತಿಂಗಳುಗಳೇ ಬೇಕು. ಅಂಥ ಕೆಲವು ಬೆಕ್ಕು ತೊಡೆ ಮೇಲೆ ಯಾವತ್ತೂ ಕೂರುವುದಿಲ್ಲ. ಎರಡು ಮೊಳ ದೂರದಲ್ಲಿ ಕಾಲು ಮಡಚಿ ಮಲಗುತ್ತವೆ. ಅವುಗಳ ಮಟ್ಟಿಗೆ ಅದೇ ದೊಡ್ಡ ಸಲಿಗೆ.

ಮೊದಲ ದಿನ ಇಡೀ ಮನೆ ತೋರಿಸಬೇಡಿ. ಒಂದು ಸಣ್ಣ ಕೋಣೆ ಸಾಕು. ತರುವ ಮುಂಚೆ ಆ ಕೋಣೆಯಲ್ಲಿ ಬೀರುವಿನ ಹಿಂದೆ, ಮಂಚದ ಕೆಳಗಿನ ಪೆಟ್ಟಿಗೆಗಳ ನಡುವೆ, ಅಟ್ಟದ ಬಾಯಿ, ಹೀಗೆ ನಿಮ್ಮ ಕೈ ಹೋಗದ ಸಂದುಗಳನ್ನು ಮುಚ್ಚಿ. ಬದಲಿಗೆ ಒಂದು ರಟ್ಟಿನ ಡಬ್ಬ ಇಡಿ. ಮಿಕ್ಸಿ ಬಂದ ಡಬ್ಬದ ಅಳತೆ ಸರಿಹೋಗುತ್ತದೆ. ಅದಕ್ಕೆ ಎದುರುಬದುರಾಗಿ ಎರಡು ತೂತು ಕೊರೆಯಿರಿ, ತಲೆ, ಭುಜ ಸಲೀಸಾಗಿ ನುಗ್ಗುವಷ್ಟು ಅಂದರೆ ಸುಮಾರು 15 ಸೆಂ.ಮೀ. ಒಂದೇ ತೂತಿದ್ದರೆ ನೀವು ಬಗ್ಗಿ ಇಣುಕಿದಾಗ ಅದಕ್ಕೆ ಮೂಲೆಗೆ ಒತ್ತಿದಂತಾಗುತ್ತದೆ. ಹೀಗೆ ಅಡಗಲು ಜಾಗ ಕೊಟ್ಟರೆ ಇನ್ನೂ ಅಡಗಿಕೊಂಡೇ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ನಡೆಯುವುದು ಇದರ ತಿರುವುಮುರುವು. ನೆದರ್ಲೆಂಡ್ಸ್‌ನ ಯೂಟ್ರೆಕ್ಟ್ ವಿಶ್ವವಿದ್ಯಾಲಯದವರು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಶ್ರಯಧಾಮಕ್ಕೆ ಹೊಸದಾಗಿ ಬಂದ ಬೆಕ್ಕುಗಳ ಪೈಕಿ ಡಬ್ಬ ಸಿಕ್ಕವೇ ಬೇಗ ಚೇತರಿಸಿಕೊಂಡಿದ್ದವು. ಡಬ್ಬದೊಳಗಿನ ಬೆಕ್ಕನ್ನು ಯಾರೂ ಎಳೆಯಬಾರದು ಎನ್ನುವುದು ಮನೆಮಂದಿಗೆಲ್ಲ ಕಾನೂನಾಗಲಿ. ಮಕ್ಕಳಿಗೆ ಮಾತ್ರ ಹೇಳಿ ದೊಡ್ಡವರು ಮುರಿಯುವ ಕಾನೂನು ಇದು.

ಲಿಟರ್ ಟ್ರೇ, ಅಂದರೆ ಬೆಕ್ಕು ಮಲಮೂತ್ರ ಮಾಡಲು ಮರಳಿನಂಥ ಪುಡಿ (ಲಿಟರ್) ಹಾಕಿಡುವ ತಟ್ಟೆ, ಊಟದ ಬಟ್ಟಲಿನಿಂದ ಆಚೆ ಮೂಲೆಯಲ್ಲಿರಲಿ. ಅಂಗಡಿಯ ಟ್ರೇಗಳು ದೊಡ್ಡ ಬೆಕ್ಕಿಗೆ ಬಹುಪಾಲು ಚಿಕ್ಕವು. ಅದರ ಮೈ ಉದ್ದದ ಒಂದೂವರೆ ಪಟ್ಟು ಇರುವ ಪ್ಲಾಸ್ಟಿಕ್ ಟಬ್ ತಂದು, ಒಂದು ಬದಿ ತಗ್ಗಾಗಿ ಕತ್ತರಿಸಿ, 5 ಸೆಂ.ಮೀ. ದಪ್ಪಕ್ಕೆ ಸುವಾಸನೆಯಿಲ್ಲದ ಲಿಟರ್ ಹಾಕಿ. ಎರಡು ತಿಂಗಳೊಳಗಿನ ಮರಿಗೆ ಗಟ್ಟಿಗಟ್ಟುವ ಲಿಟರ್ ಬೇಡ, ಅವು ನೆಕ್ಕಿ ನುಂಗುತ್ತವೆ. ನೆಲ ಒರೆಸಲು ಕಪ್ಪು ಫಿನೈಲನ್ನಂತೂ ಮನೆಯಿಂದಲೇ ಓಡಿಸಿ. ಅದರಲ್ಲಿರುವ ಫೀನಾಲ್ ಬೆಕ್ಕಿನ ಪಿತ್ತಜನಕಾಂಗ ಅರಗಿಸಲಾರದ ವಿಷ, ನೆಲ ತುಳಿದ ಪಾದ ನೆಕ್ಕಿದರೂ ಒಳಗೆ ಸೇರುತ್ತದೆ. ಬೀರುವಿನ ನುಸಿಗುಳಿಗೆಯೂ ವಿಷವೇ. ಇನ್ನೊಂದು ಸಂಗತಿ, ಅದು ಕೆನ್ನೆ ಉಜ್ಜಿ ಬಾಗಿಲ ಚೌಕಟ್ಟಿಗೆ, ಮಂಚದ ಕಾಲಿಗೆ ತನ್ನ ವಾಸನೆ ಹಚ್ಚಿರುತ್ತದೆ. ಮೊದಲ ವಾರ ಅವನ್ನು ತಿಕ್ಕಿ ತೊಳೆಯಬೇಡಿ, ಅದರ ಹಾಸುಬಟ್ಟೆಯನ್ನೂ ಒಗೆಯಬೇಡಿ. ತನ್ನದೇ ವಾಸನೆ ಇರುವ ಜಾಗ ಅದಕ್ಕೆ ಬೇಗ ತನ್ನದಾಗುತ್ತದೆ.

ಮೊದಲ ರಾತ್ರಿ ಎಲ್ಲರೂ ಮಲಗಿದ ಮೇಲೆ ತಿನ್ನಬಹುದು, ಪರವಾಗಿಲ್ಲ. ಪೂರ್ತಿ 24 ಗಂಟೆ ಏನೂ ಮುಟ್ಟದಿದ್ದರೆ ಪಶುವೈದ್ಯರಿಗೆ ಫೋನ್ ಮಾಡಿ, ಎರಡು ದಿನ ಕಾಯಲೇಬೇಡಿ. ಉಪವಾಸ ಬಿದ್ದ ಬೆಕ್ಕಿನ ಮೈಕೊಬ್ಬು ಕರಗಿ ಪಿತ್ತಜನಕಾಂಗದಲ್ಲಿ ತುಂಬಿಕೊಳ್ಳುತ್ತದೆ, ಜೀವಕ್ಕೇ ಕುತ್ತು. ಮರಿಯಾದರೆ ಅಷ್ಟೂ ಹೊತ್ತಿಲ್ಲ.

ಊಟದ ವಿಷಯದಲ್ಲಿ ನಮ್ಮ ಮನೆಗಳದ್ದು ಹಳೇ ಜಗಳ. ಹಾಲನ್ನ, ಮೊಸರನ್ನ ಹಾಕಿ ತಲೆತಲಾಂತರದಿಂದ ಸಾಕಿಲ್ಲವೇ ಅಂತಾರೆ. ಆ ಬೆಕ್ಕುಗಳು ಇಲಿ, ಹಲ್ಲಿ, ಜಿರಲೆ ಹಿಡಿದು ಉಳಿದದ್ದನ್ನು ತುಂಬಿಕೊಳ್ಳುತ್ತಿದ್ದವು ಸ್ವಾಮಿ. ಮೂರನೇ ಮಹಡಿಯ ಫ್ಲಾಟಿನಲ್ಲಿ ಇಲಿ ಎಲ್ಲಿಂದ ಬರಬೇಕು? ಟಾರಿನ್ ಎಂಬ ಅಂಶ ಮಾಂಸದಲ್ಲಿದೆ, ಅನ್ನದಲ್ಲಿಲ್ಲ. ಅದು ಸಾಲದೆ ಹೋದರೆ ಬೆಕ್ಕಿನ ಕಣ್ಣು ಹೋಗುತ್ತದೆ, ಹೃದಯ ಊದಿಕೊಳ್ಳುತ್ತದೆ. ಬೆಳೆದ ಬೆಕ್ಕಿಗೆ ಹಾಲು ಕುಡಿಸಿದರೆ ಬಹಳಷ್ಟಕ್ಕೆ ಭೇದಿ. ಹೊಟ್ಟೆ ಕೆಟ್ಟ ಬೆಕ್ಕು ಯಾರನ್ನೂ ಹತ್ತಿರ ಸೇರಿಸುವುದಿಲ್ಲ. ಮಾಂಸ ತರದ ಮನೆಯವರು ಬೆಕ್ಕಿನದೇ ಒಣ ಆಹಾರ ತನ್ನಿ, 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 50ರಿಂದ 60 ಗ್ರಾಂ. ತಿನಿಸಾಗಿ ಬೇಯಿಸಿದ ಕೋಳಿಯ ಎದೆಭಾಗ ಕೊಡುವುದಾದರೆ ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಸೋಕಿರಬಾರದು, ಮೂಳೆ ಇರಬಾರದು.

ಬಟ್ಟಲು ಸದಾ ತುಂಬಿಡುವುದು ಸೋಮಾರಿತನ. ದಿನದ ಪಾಲನ್ನು ಮೂರು ನಾಲ್ಕು ಹೊತ್ತಿಗೆ ಹಂಚಿ, ಪ್ರತಿ ಹೊತ್ತೂ ನೀವೇ ಇಟ್ಟು, ಅಲ್ಲೇ ಕೂರಿ. ನೆಲದ ಮೇಲೆ, ಅದಕ್ಕೆ ಪಕ್ಕ ತಿರುಗಿ, ಬಟ್ಟಲಿನಿಂದ ಆರಡಿ ದೂರ. ನೆಟ್ಟ ನೋಟ ಬೇಡ, ಪೇಪರ್ ಓದಿ, ಸೊಪ್ಪು ಬಿಡಿಸಿ. ತಲೆ ಎತ್ತದೆ ತಿಂದು ಮುಗಿಸಿತೋ, ಮುಂದಿನ ಹೊತ್ತಿಗೆ ಒಂದಡಿ ಹತ್ತಿರ. ನಡುವೆ ನಿಲ್ಲಿಸಿ ನಿಮ್ಮನ್ನೇ ನೋಡಿದರೆ ಒಂದಡಿ ಹಿಂದೆ. ಪಕ್ಕಕ್ಕೇ ಬಂದ ಮೇಲೂ ಬೆರಳಿನಿಂದ ತಿನ್ನಿಸಬೇಡಿ, ಉದ್ದ ಹಿಡಿಯ ಚಮಚ ಬಳಸಿ. ಕೋಳಿ ವಾಸನೆಯ ಬೆರಳನ್ನು ಅದು ಕೋಳಿಯೆಂದೇ ಕಚ್ಚುತ್ತದೆ, ನೀವು ಕಿರುಚಿ ಕೈ ಎಳೆಯುತ್ತೀರಿ, ಅಷ್ಟು ದಿನದ ಶ್ರಮ ಹೋಯಿತು. ತೆನಾಲಿ ರಾಮಕೃಷ್ಣನ ಬೆಕ್ಕು ಒಂದೇ ಸಲ ಬಿಸಿ ಹಾಲಿಗೆ ಮೂತಿ ಸುಟ್ಟುಕೊಂಡು ಹಾಲು ಕಂಡರೆ ಓಡುವಂತಾದ ಕತೆ ಎಲ್ಲರಿಗೂ ಗೊತ್ತು. ಕತೆಯೋ ನಿಜವೋ, ಕತೆ ಕಟ್ಟಿದವರಿಗೆ ಬೆಕ್ಕು ಗೊತ್ತಿತ್ತು.

ಇನ್ನು ಮುಟ್ಟುವುದು. ಬಹಳ ಜನ ಎಡವುವುದು ಇಲ್ಲೇ.

ಮೇಲಿನಿಂದ ತಲೆಯತ್ತ ಇಳಿಯುವ ಕೈ ಬೆಕ್ಕಿಗೆ ಭಯ. ಕೈಯನ್ನು ಅದರ ಮೂಗಿನ ಮಟ್ಟದಲ್ಲಿ, ಒಂದು ಗೇಣು ದೂರದಲ್ಲಿ, ಬೆರಳು ಸಡಿಲ ಮಡಚಿ ಹಿಡಿದು ನಿಲ್ಲಿಸಿ. ಮೂಸಿ ಕೆನ್ನೆ ಉಜ್ಜಿದರೆ ಅಪ್ಪಣೆ ಸಿಕ್ಕಿತು. ಮೂಸಿ ಸುಮ್ಮನೆ ನಿಂತರೆ ಸಿಕ್ಕಿಲ್ಲ, ಕೈ ಹಿಂದೆ ತೆಗೆಯಿರಿ. ಸವರುವ ಜಾಗ ಮೂರು: ಕೆನ್ನೆ, ಗದ್ದದ ಕೆಳಗೆ, ಕಿವಿಯ ಬುಡ. ಬಾಲದ ಬುಡ, ಹೊಟ್ಟೆ, ಪಾದ ಬೇಡ. ಮೂರು ಸೆಕೆಂಡ್ ಸವರಿ, ನಿಲ್ಲಿಸಿ. ಈ ನಿಲ್ಲಿಸುವುದೇ ಎಲ್ಲಕ್ಕಿಂತ ಮುಖ್ಯ. ಬೇಕಿದ್ದರೆ ಅದೇ ತಲೆ ತಂದು ಕೈಗೆ ಗುದ್ದುತ್ತದೆ, ಆಗ ಇನ್ನು ಮೂರು ಸೆಕೆಂಡ್. ಲಂಡನ್ನಿನ ಬ್ಯಾಟರ್ಸಿ ಆಶ್ರಯಧಾಮದಲ್ಲಿ ಜನರಿಗೆ ಹೆಚ್ಚುಕಡಿಮೆ ಇಷ್ಟನ್ನೇ ಹೇಳಿಕೊಟ್ಟು ಬೆಕ್ಕುಗಳ ಬಳಿ ಕಳಿಸಿದರು. ಕಚ್ಚುವುದು, ಪರಚುವುದು ಇಳಿದು, ಅವೇ ಹತ್ತಿರ ಬರುವುದು ಹೆಚ್ಚಿತೆಂದು 2021ರಲ್ಲಿ ವರದಿಯಾಯಿತು.

"ಮುದ್ದು ಮಾಡಿಸಿಕೊಳ್ತಾ ಇತ್ತು, ಇದ್ದಕ್ಕಿದ್ದಂತೆ ಕಚ್ಚಿತು" ಎಂಬ ದೂರಿನಲ್ಲಿ ಇದ್ದಕ್ಕಿದ್ದಂತೆ ಅನ್ನುವುದು ನಮ್ಮ ಕಲ್ಪನೆ. ಬಾಲದ ತುದಿ ಪಟಪಟ ಬಡಿದಿರುತ್ತದೆ, ಬೆನ್ನ ಚರ್ಮ ಅಲೆಯಂತೆ ಅದುರಿರುತ್ತದೆ, ಕಿವಿ ಪಕ್ಕಕ್ಕೆ ತಿರುಗಿರುತ್ತದೆ, ಗೊರಗೊರ ನಿಂತಿರುತ್ತದೆ. ನಾವು ಮೊಬೈಲ್ ನೋಡುತ್ತ ಸವರುತ್ತಲೇ ಇರುತ್ತೇವೆ. ಅಂಗಾತ ಬಿದ್ದು ಹೊಟ್ಟೆ ತೋರಿಸಿತೆಂದರೆ ನಿಮ್ಮೆದುರು ನಿರಾಳವಾಗಿದೆ ಅಂತ ಅರ್ಥ, ಹೊಟ್ಟೆ ತಡವಿ ಎಂಬ ಆಹ್ವಾನ ಅಲ್ಲ. ಕೈ ಹಾಕಿದರೆ ನಾಲ್ಕೂ ಕಾಲು, ಹಲ್ಲು ಒಟ್ಟಿಗೆ ಮುಚ್ಚಿಕೊಳ್ಳುತ್ತವೆ. ಹಾಗಾದಾಗ ಕೈ ಎಳೆಯದೆ ಸಡಿಲ ಬಿಡಿ, ಎಳೆದಷ್ಟೂ ಉಗುರು ಆಳಕ್ಕಿಳಿಯುತ್ತದೆ. ಚರ್ಮ ಹರಿದರೆ ಸೋಪು ಹಚ್ಚಿ ಹರಿಯುವ ನೀರಲ್ಲಿ 15 ನಿಮಿಷ ತೊಳೆದು ಅದೇ ದಿನ ಡಾಕ್ಟರ ಹತ್ತಿರ ಹೋಗಿ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ, ಜೊತೆಗೆ ಅದರ ಹಲ್ಲು ಮಾಡುವ ಸಣ್ಣ ಆಳದ ಗಾಯ ಬೇಗ ಕೀವಾಗುತ್ತದೆ.

ಕಣ್ಣಿನ ಭಾಷೆ ಸುಲಭ, ಖರ್ಚಿಲ್ಲ. ದೂರ ಕುಳಿತು ಅದರತ್ತ ನೋಡಿ ರೆಪ್ಪೆಯನ್ನು ನಿಧಾನಕ್ಕೆ ಅರೆಮುಚ್ಚಿ, ಮುಚ್ಚಿ, ತೆರೆಯಿರಿ, ಮುಖ ಪಕ್ಕಕ್ಕೆ ಹೊರಳಿಸಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ತೋರಿಸಿದಂತೆ ಬೆಕ್ಕುಗಳು ಇದಕ್ಕೆ ತಾವೂ ಕಣ್ಣು ಕಿರಿದಾಗಿಸಿ ಉತ್ತರಿಸುತ್ತವೆ, ಹೀಗೆ ಮಾಡಿದ ಅಪರಿಚಿತರ ಕೈಯ ಬಳಿಗೂ ಹೆಚ್ಚು ಬರುತ್ತವೆ.

ಆಟಕ್ಕೆ ಕೈಬೆರಳು ಬಳಸಿದರೆ ಮರಿಯಲ್ಲಿ ಚೆಂದ, ಬೆಳೆದ ಮೇಲೆ ರಕ್ತ. ಕೋಲಿನ ತುದಿಗೆ ಬಟ್ಟೆಚೂರು ಕಟ್ಟಿ, ಇಲಿಯ ಹಾಗೆ ನಿಮ್ಮಿಂದ ದೂರ ಓಡಿಸಿ, ಮೂತಿಯತ್ತ ಆಡಿಸಬೇಡಿ. ಬೆಳಿಗ್ಗೆ ಹತ್ತು, ಸಂಜೆ ಹತ್ತು ನಿಮಿಷ. ಕೊನೆಯಲ್ಲಿ ಹಿಡಿಯಲು ಬಿಡಿ, ತಕ್ಷಣ ಊಟ ಇಡಿ. ದಾರ ಒಳಗೆತ್ತಿಡಿ, ನುಂಗಿದರೆ ಕರುಳು ಸುರುಟಿಕೊಂಡು ಆಪರೇಷನ್‌ವರೆಗೂ ಹೋಗುತ್ತದೆ.

ಇಷ್ಟೆಲ್ಲ ಕಟ್ಟಿದ ನಂಬಿಕೆ ಹಾಳಾಗುವುದು ಔಷಧಿ, ಆಸ್ಪತ್ರೆ, ಶಿಕ್ಷೆಗಳಲ್ಲಿ. ಕಹಿ ಮಾತ್ರೆ ಪುಡಿಮಾಡಿ ದಿನದ ಊಟಕ್ಕೆ ಬೆರೆಸಿದರೆ ಅದು ಆ ಊಟವನ್ನೇ ಬಿಡುತ್ತದೆ, ಬೇರೆ ತಿನಿಸಿನಲ್ಲಿ, ಬೇರೆ ಜಾಗದಲ್ಲಿ ಕೊಡಿ. ಮನುಷ್ಯರ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಬೆಕ್ಕನ್ನು ಹೊತ್ತೊಯ್ಯುವ ಕ್ಯಾರಿಯರ್ ಬುಟ್ಟಿಯನ್ನು ಅಟ್ಟದಿಂದ ಆಸ್ಪತ್ರೆಯ ದಿನ ಮಾತ್ರ ಇಳಿಸಿದರೆ ಅದರ ಸದ್ದಿಗೇ ಬೆಕ್ಕು ಮಾಯ. ವರ್ಷವಿಡೀ ಹಾಲ್‌ನಲ್ಲಿ ಬಾಗಿಲು ತೆರೆದು, ಒಳಗೆ ಹಳೇ ಪಂಚೆ ಹಾಸಿ, ಆಗಾಗ ಎರಡು ಕಾಳು ತಿನಿಸು ಹಾಕಿಡಿ. ಸ್ನಾನ ಬೇಡ, ಅದು ತಾನೇ ನೆಕ್ಕಿಕೊಳ್ಳುತ್ತದೆ. ಕುತ್ತಿಗೆ ಚರ್ಮ ಹಿಡಿದು ತೂಗಾಡಿಸುವುದು ತಾಯಿ ಬೆಕ್ಕಿಗೆ, ಪುಟ್ಟ ಮರಿಗೆ ಇರಲಿ. ನೀರು ಎರಚುವುದು, ಪೊರಕೆ ಬೀಸುವುದು, ಉಚ್ಚೆಗೆ ಮೂತಿ ತಿಕ್ಕುವುದರಿಂದ ಅದು ಕಲಿಯುವುದು ನಿಮ್ಮಿಂದ ದೂರ ಇರಬೇಕೆಂದು ಮಾತ್ರ. ಟ್ರೇ ಬಿಟ್ಟು ಹೊರಗೆ ಹೋಯ್ದರೆ ಮೊದಲು ಟ್ರೇ ಕ್ಲೀನ್ ಇದೆಯೇ ನೋಡಿ, ಆಮೇಲೆ ಡಾಕ್ಟರಿಗೆ ತೋರಿಸಿ. ಗಂಡುಬೆಕ್ಕು ತಿಣುಕುತ್ತಿದ್ದರೂ ಉಚ್ಚೆ ಬರುತ್ತಿಲ್ಲ ಅಂದರೆ ಬೆಳಗಾಗುವವರೆಗೂ ಕಾಯಬೇಡಿ.

ಸದ್ದಿಗೆ ಒಗ್ಗಿಸಬಹುದು. ಮಿಕ್ಸಿ ಹಾಕುವ ಮುಂಚೆ ದೂರದ ಕೋಣೆಯಲ್ಲಿ ಅದಕ್ಕಿಷ್ಟದ ತಿನಿಸಿಟ್ಟು ಬಾಗಿಲು ಅರ್ಧ ಮುಚ್ಚಿ. ಕುಕ್ಕರ್ ಸೀಟಿ ಬಹುತೇಕ ಬೆಕ್ಕುಗಳಿಗೆ ತಾನಾಗಿಯೇ ರೂಢಿಯಾಗುತ್ತದೆ. ದೀಪಾವಳಿ ಪಟಾಕಿ ಆಗುವುದಿಲ್ಲ. ಆ ಮೂರು ದಿನ ಸಂಜೆಗೆ ಮುನ್ನ ಕಿಟಕಿ ಮುಚ್ಚಿ, ಡಬ್ಬವನ್ನು ಒಳಕೋಣೆಗೆ ಸರಿಸಿ, ಅಲ್ಲೇ ಬಿಟ್ಟುಬಿಡಿ. ಸಮಾಧಾನ ಮಾಡ್ತೀನಿ ಅಂತ ಎತ್ತಿಕೊಂಡರೆ ಪಟಾಕಿಯ ಭಯಕ್ಕೆ ನಿಮ್ಮ ಕೈಯೂ ಸೇರಿಕೊಳ್ಳುತ್ತದೆ.

ಊರಿಗೆ ನಾಲ್ಕು ದಿನ ಹೋಗುವುದಿದ್ದರೆ ಬೆಕ್ಕನ್ನು ಬಸ್ಸಿನಲ್ಲಿ ಹೊತ್ತೊಯ್ಯುವುದಕ್ಕಿಂತ, ಅದಕ್ಕೆ ಪರಿಚಯ ಇರುವವರೊಬ್ಬರಿಗೆ ಕೀಲಿ ಕೊಟ್ಟು, ದಿನಕ್ಕೆ ಎರಡು ಸಲ ಬಂದು ಊಟ, ಟ್ರೇ ನೋಡಿಕೊಳ್ಳಲು ಹೇಳುವುದು ಮೇಲು. ಹೊರಡುವ ಹಿಂದಿನ ದಿನ ಉಟ್ಟ ಬಟ್ಟೆ ಒಗೆಯದೆ ಅದರ ಡಬ್ಬದಲ್ಲಿಡಿ. ವಾಪಸು ಬಂದಾಗ ಅದು ಗುರುತೇ ಇಲ್ಲದಂತೆ ಬೆನ್ನು ತಿರುಗಿಸಿ ಕೂರಬಹುದು. ನಿಮ್ಮ ಮೈ ತುಂಬ ಊರಿನ ವಾಸನೆ, ಬಸ್ಸಿನ ವಾಸನೆ ಇರುತ್ತದಲ್ಲ. ಬ್ಯಾಗ್ ನೆಲಕ್ಕಿಟ್ಟು ತೆರೆದಿಡಿ, ಅದು ಒಂದೊಂದೇ ಬಟ್ಟೆ ಮೂಸಿ ಮುಗಿಸಲಿ. ಅಷ್ಟರಲ್ಲಿ ನೀವು ಸ್ನಾನ ಮುಗಿಸಿ ಬನ್ನಿ.