ಅಪ್ಪ, ನಾನು ಮತ್ತು ಮೂರು ಕ್ಲಚ್ಚು

ವುಡ್‌ವರ್ಡ್ ಅವೆನ್ಯೂನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದೆ. ಇಂಜಿನ್ ಅಬ್ಬರಿಸಿತು. ಆರ್‌ಪಿಎಂ ಮುಳ್ಳು 5000 ದಾಟಿತು. ಕಾರು ಮಾತ್ರ ಇದ್ದ ಸ್ಪೀಡಲ್ಲೇ ಹೋಗುತ್ತಿತ್ತು. ಹಳದಿ ಸ್ಕೂಲ್ ಬಸ್ಸೊಂದು ನಮ್ಮನ್ನು ಓವರ್‌ಟೇಕ್ ಮಾಡಿತು. ಪಕ್ಕದಲ್ಲಿದ್ದ ಅಪ್ಪ ಮೂಗು ಅರಳಿಸಿ ವಾಸನೆ ನೋಡಿ, "ಕ್ಲಚ್ ಪ್ಲೇಟ್ ಹೋಯ್ತು ಮಗಾ" ಅಂದರು.

ಡೆಟ್ರಾಯಿಟ್ ಕಡೆಯ ಈ ರಸ್ತೆಯಲ್ಲಿ 1995ರಿಂದ ಆಗಸ್ಟ್ ತಿಂಗಳಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತದೆ. ಅಲ್ಲಿ ನಂದೂ ಒಂದು ತೇರು ಇರಲಿ ಅಂತ 1990ರ ಫೋರ್ಡ್ ಮಸ್ಟಾಂಗ್ ಕೊಂಡಿದ್ದೆ. ಇಲ್ಲೇ ಡಿಯರ್‌ಬಾರ್ನ್‌ನಲ್ಲಿ ಹುಟ್ಟಿದ ಕಾರು, 5.0 ಲೀಟರ್ ವಿ8. ಫ್ಯಾಕ್ಟರಿಯಿಂದ ಬಂದಾಗ 225 ಹಾರ್ಸ್‌ಪವರ್. ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸೂಪರ್‌ಚಾರ್ಜರ್ ಕೂರಿಸಿ ಅದನ್ನು 450 ಮಾಡಿದೆ. ಕುದುರೆ ಎರಡರಷ್ಟಾದವು, ಅವುಗಳ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಕ್ಲಚ್ಚೆಂಬ ನೊಗ ಹಳೇದೇ ಇತ್ತು.

ಅಪ್ಪ ಹಾಸನದಲ್ಲಿ ಕೆಎಸ್‌ಆರ್‌ಟಿಸಿ ಡ್ರೈವರ್ ಆಗಿದ್ದವರು. ಡಬಲ್ ಕ್ಲಚ್ ಹೊಡೆದು ಗೇರ್ ಹಾಕುವ ಕಾಲದ ಬಸ್ಸುಗಳಲ್ಲಿ ಶಿರಾಡಿ ಘಾಟಿ ಹತ್ತಿಳಿದವರು. ನಮ್ಮ ಮನೆಗೆ ಆರು ತಿಂಗಳಿಗೆ ಬಂದಿದ್ದರು. ಅವರದೊಂದು ಅಭ್ಯಾಸ. ಕಣ್ಣಿಗೆ ಬಿದ್ದ ಬರಹವನ್ನೆಲ್ಲ ಜೋರಾಗಿ ಓದುತ್ತಾರೆ. "ಎಕ್ಸಿಟ್." "ಪುಲ್." "ಲೋ ಫ್ಯಾಟ್ ಮಿಲ್ಕ್." ಬಂದ ಮೊದಲ ವಾರ ಮುದ್ದಾಗಿತ್ತು. ಆಮೇಲೆ ಫ್ರಿಜ್ಜಿನ ಸದ್ದಿನ ಹಾಗೆ ನಮ್ಮ ಕಿವಿಗೇ ಬೀಳುತ್ತಿರಲಿಲ್ಲ.

ಹೊಸ ಕ್ಲಚ್ ಹುಡುಕಲು ಕೂತೆ. ಹಾರ್ಸ್‌ಪವರ್ ಎಷ್ಟು ಅನ್ನೋದು ಕ್ಲಚ್ಚಿಗೆ ಬೇಕಿಲ್ಲ, ಅದಕ್ಕೆ ಬೇಕಾಗಿರುವುದು ಟಾರ್ಕ್, ಅಂದರೆ ಇಂಜಿನ್ ತಿರುಚುವ ಬಲ. 450ನ್ನು 5252ರಿಂದ ಗುಣಿಸಿ, 5500 ಆರ್‌ಪಿಎಂನಿಂದ ಭಾಗಿಸಿದರೆ 430 ಪೌಂಡ್-ಫುಟ್. ಅಷ್ಟನ್ನು ಹಿಡಿಯೋಕೆ ಇರುವ ದಾರಿ ನಾಲ್ಕೇ. ಸ್ಪ್ರಿಂಗ್ ಗಟ್ಟಿಯಾಗಬೇಕು, ಪ್ಲೇಟ್ ದೊಡ್ಡದಾಗಬೇಕು, ಪ್ಲೇಟಿನ ಮೈ ಒರಟಾಗಬೇಕು, ಇಲ್ಲವೇ ಪ್ಲೇಟ್ ಎರಡಾಗಬೇಕು. ಇಷ್ಟೆಲ್ಲ ಲೆಕ್ಕ ಹಾಕಿದ ಮೇಲೆ ನಾನು ಮಾಡಿದ್ದೇನು? ಡಬ್ಬದ ಮೇಲೆ ಯಾವುದಕ್ಕೆ ದೊಡ್ಡ ನಂಬರ್ ಇತ್ತೋ ಅದನ್ನೇ ಆರ್ಡರ್ ಮಾಡಿದೆ. ಆರು ಸಿರಾಮಿಕ್ ಬಿಲ್ಲೆಗಳ, ರೇಸಿನವರು ಹಾಕಿಸುವ ಪ್ಲೇಟು.

ಅದಕ್ಕೆ ಹಾಫ್ ಕ್ಲಚ್ ಅನ್ನೋದೇ ಗೊತ್ತಿಲ್ಲ. ಹಿಡಿದರೆ ಹಿಡಿಯಿತು, ಬಿಟ್ಟರೆ ಬಿಟ್ಟಿತು. ಮುಂಗೋಪಿ ನೆಂಟನ ಹಾಗೆ. ಪೆಡಲ್ ಒತ್ತಿ ಒತ್ತಿ ನನ್ನ ಎಡಗಾಲಿನ ತೊಡೆ ಬಲಗಾಲಿನದಕ್ಕಿಂತ ದಪ್ಪ ಆಯಿತೇನೋ ಅನ್ನಿಸುತ್ತಿತ್ತು. ಯುಗಾದಿಗೆ ಕನ್ನಡ ಕೂಟದ ಊಟಕ್ಕೆ ಅಂತ ಹೆಂಡತಿ ತೊಡೆ ಮೇಲೆ ಹುಳಿಯ ಪಾತ್ರೆ ಇಟ್ಟುಕೊಂಡು ಕೂತಿದ್ದಳು. ಮೊದಲ ಸಿಗ್ನಲ್‌ನಲ್ಲೇ ಕಾರು ಕಪ್ಪೆಯ ಹಾಗೆ ನೆಗೆಯಿತು. ಹುಳಿ ಮೊದಲು ಮೇಲೆ ಹೋಯಿತು, ಆಮೇಲೆ ರೇಷ್ಮೆ ಸೀರೆಗೆ ಬಂತು. ಆ ದಿನದ ಮಿಕ್ಕ ವಿವರ ಇಲ್ಲಿ ಬೇಡ.

ಇನ್ನೂ ಒಂದು ಬಾಕಿ ಇತ್ತು. ಹಳೇ ಕ್ಲಚ್ ಜಾರುತ್ತಿದ್ದಷ್ಟು ದಿನ ಅದು ಮನೆಯ ಫ್ಯೂಸಿನ ಹಾಗೆ ಗೇರ್‌ಬಾಕ್ಸನ್ನು ಕಾಯುತ್ತಿತ್ತು. ಹೊಸದು ಜಾರುವುದೇ ಇಲ್ಲ. ಹೊಡೆತವೆಲ್ಲ ನೇರ ಒಳಗೆ. ಕಾರಿನ ಜೊತೆಗೇ ಬಂದಿದ್ದ ಟಿ-5 ಗೇರ್‌ಬಾಕ್ಸ್ 300 ಪೌಂಡ್-ಫುಟ್‌ಗೆ ಅಂತ ಮಾಡಿದ್ದು. ನಾನು ಬಡಿಸಿದ್ದು 430. ಮೂರನೇ ವಾರ ಮೂರನೇ ಗೇರಿನ ಹಲ್ಲು ಉದುರಿತು. ಎಣ್ಣೆ ಇಳಿಸಿದಾಗ ಬಟ್ಟಲಲ್ಲಿ ಹಲ್ಲಿನ ಚೂರುಗಳು ಕಲ್ಲುಸಕ್ಕರೆಯ ಹಾಗೆ ಮಿನುಗುತ್ತಿದ್ದವು. ಪಾಪ, ಅದರದೇನೂ ತಪ್ಪಿಲ್ಲ.

ಈ ಸಲ 600 ಪೌಂಡ್-ಫುಟ್ ತಡೆಯುವ ಟ್ರೆಮೆಕ್ ಟಿಕೆಎಕ್ಸ್ ಗೇರ್‌ಬಾಕ್ಸ್ ತರಿಸಿದೆ. ಐದು ಗೇರ್. ಆರು ಗೇರಿನ ಮ್ಯಾಗ್ನಮ್ ಮೇಲೆ ಆಸೆ ಇತ್ತು, ಹೆಂಡತಿ ಕ್ರೆಡಿಟ್ ಕಾರ್ಡ್ ಬಿಲ್ ನೋಡಿದಳು, ಆಸೆ ಹೋಯಿತು. ಡಬ್ಬ ಬಿಚ್ಚಿ, ಇದ್ದ ಸಿರಾಮಿಕ್ ಪ್ಲೇಟನ್ನು ಅದರ ಶಾಫ್ಟಿಗೆ ಹಾಕಿ ನೋಡಿದರೆ ಹೋಗುವುದೇ ಇಲ್ಲ. ಶಾಫ್ಟಿಗೆ 26 ಗೀರು, ಪ್ಲೇಟಿಗೆ 10. ಗೇರ್‌ಬಾಕ್ಸ್ ಆರಿಸಿಕೊಂಡ ಮೇಲೆ ಕ್ಲಚ್ ಕೊಳ್ಳಬೇಕು ಅನ್ನುವುದು ಡೆಟ್ರಾಯಿಟ್‌ನ ಮಕ್ಕಳಿಗೂ ಗೊತ್ತಿರುತ್ತದೆ. ನನಗೆ ಗೊತ್ತಾಗಲು ಒಂದು ತಿಂಗಳ ಸಂಬಳ ಬೇಕಾಯಿತು.

ಮೂರನೆಯ ಕ್ಲಚ್ ಬಂತು. ಎರಡು ಪ್ಲೇಟಿನದು. ಹಿಡಿಯುವ ಮುಖ ಎರಡಕ್ಕೆ ಬದಲು ನಾಲ್ಕು, ಹಾಗಾಗಿ ಸ್ಪ್ರಿಂಗ್ ಅಷ್ಟೊಂದು ಗಟ್ಟಿ ಇರಬೇಕಿಲ್ಲ, ಪೆಡಲ್ ಮೆತ್ತಗೆ. ಶನಿವಾರ ಗ್ಯಾರೇಜಿನಲ್ಲಿ ನಾನು ಮತ್ತು ಗೆಳೆಯ ಕೆಲಸಕ್ಕೆ ನಿಂತೆವು. ಇಬ್ಬರೂ ಸಾಫ್ಟ್‌ವೇರಿನವರು. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತರು. ಕ್ಲಚ್ಚನ್ನು ಮುಚ್ಚುವ ಕವಚ, ಬೆಲ್‌ಹೌಸಿಂಗ್, ನಡುವಿಗೆ ಸರಿಯಾಗಿ ಕೂತಿದೆಯೇ ಅಂತ ಡಯಲ್ ಗೇಜ್ ಇಟ್ಟು ಅಳೆದೆವು. ಇಂಚಿನ ಸಾವಿರ ಭಾಗದಲ್ಲಿ ಐದಕ್ಕಿಂತ ಜಾಸ್ತಿ ಓಲಾಡಬಾರದು. ಅದನ್ನು ಸರಿ ಮಾಡಲು ಮೂರು ಗಂಟೆ ಹಿಡಿಯಿತು. ಆ ಹೆಮ್ಮೆಯಲ್ಲೇ ಪ್ಲೇಟ್ ಎತ್ತಿಕೊಂಡೆವು.

"ಫ್ಲೈವೀಲ್ ಸೈಡ್" ಎಂದರು ಅಪ್ಪ.

ನಾನು ಕಾಫಿ ಲೋಟ ಅವರ ಕಡೆ ಸರಿಸಿದೆ.

"ಫ್ಲೈವೀಲ್ ಸೈಡ್" ಎಂದು ಇನ್ನೊಮ್ಮೆ ಅಂದರು. ಆಮೇಲೆ ಗೋಡೆ ಕಡೆ ತಿರುಗಿ "ಫೈರ್ ಎಕ್ಸ್‌ಟಿಂಗ್ವಿಷರ್" ಅಂದರು. ನಾವು ಬೋಲ್ಟ್ ಬಿಗಿದೆವು.

45 ಕೆಜಿ ಗೇರ್‌ಬಾಕ್ಸನ್ನು ಎದೆ ಮೇಲೆ ಹೊತ್ತು ಮಲಗಿ, ಬೈಗುಳ ನುಂಗಿಕೊಂಡು ಸೇರಿಸಿದ್ದು ರಾತ್ರಿ ಹತ್ತಕ್ಕೆ. ಇಂಜಿನ್ ಶುರು ಮಾಡಿದೆ. ಪೆಡಲ್ ನೆಲಕ್ಕೆ ಒತ್ತಿದರೂ ಯಾವ ಗೇರೂ ಬೀಳುತ್ತಿಲ್ಲ. ಬರೀ ಗರಗರ. ಅಪ್ಪ ಎದ್ದು ಬಂದರು. "ಆಫ್ ಮಾಡಿ ಹಾಕು." ಹಾಕಿದೆ, ಬಿತ್ತು. "ಆನ್ ಮಾಡಿ ಹಾಕು." ಬೀಳಲಿಲ್ಲ. "ಗೇರ್‌ಬಾಕ್ಸ್ ಸರಿಯಾಗೇ ಐತೆ. ಕ್ಲಚ್ಚು ಬಿಡ್ತಿಲ್ಲ. ಪ್ಲೇಟ್ ಉಲ್ಟಾ ಹಾಕಿದೀರಾ?"

"ಉಲ್ಟಾ ಯಾಕೆ ಆಗತ್ತೆ ಅಪ್ಪ?"

"ಅದರ ಮೇಲೇ ಬರೆದಿತ್ತಲ್ಲ ಮಗಾ. ನಾನು ಎರಡು ಸಲ ಓದಿದೆ. ಇಂಜಿನ್ನಿನ ಫ್ಲೈವೀಲ್ ಚಕ್ರದ ಕಡೆ ಇರಬೇಕಾದ ಆ ಬರಹ ನೀವು ನಮ್ಮ ಕಡೆ ತಿರುಗಿಸಿಟ್ಟಿದ್ರಿ."

"ಆಗಲೇ ಹೇಳೋದಲ್ವಾ?"

"ಇಂಜಿನಿಯರುಗಳು, ಇಬ್ಬಿಬ್ಬರು ಇದ್ದೀರಿ. ಏನೋ ಹೊಸಾ ಪದ್ಧತಿ ಇರಬೇಕು ಅನ್ಕೊಂಡೆ."

ಗೆಳೆಯ ಮಾತಾಡದೆ ಕೈ ತೊಳೆದು ಮನೆಗೆ ಹೋದ. ಭಾನುವಾರ ಮತ್ತೆ ಬಂದ, ಅದು ಅವನ ದೊಡ್ಡತನ. ಮತ್ತೆ ಎಲ್ಲ ಬಿಚ್ಚಿ, ಪ್ಲೇಟ್ ತಿರುಗಿಸಿ, ಮತ್ತೆ ಎದೆ ಮೇಲೆ 45 ಕೆಜಿ.

ಹೊಸ ಕ್ಲಚ್ ಪಳಗಲು ಮೊದಲ 500 ಮೈಲಿ ಊರೊಳಗೆ ನಿಧಾನಕ್ಕೆ ಓಡಿಸಬೇಕು. 450 ಕುದುರೆ ಕಟ್ಟಿಕೊಂಡು ತರಕಾರಿ ಅಂಗಡಿ, ದೇವಸ್ಥಾನ, ಲೈಬ್ರರಿ ಸುತ್ತಿದೆ. ಅಪ್ಪ ಪಕ್ಕದ ಸೀಟು ಬಿಡಲಿಲ್ಲ. ಈಗ ಅವರು ಏನು ಓದಿದರೂ ನಾನು ಕಿವಿ ನಿಮಿರಿಸುತ್ತೇನೆ. "ಯೀಲ್ಡ್" ಅಂದರೆ ಬ್ರೇಕ್ ಒತ್ತುತ್ತೇನೆ. "ಟೂ ಫಾರ್ ಒನ್ ಪಿಜ್ಜಾ" ಅಂದರೂ ಒಮ್ಮೆ ಕನ್ನಡಿ ನೋಡಿಕೊಳ್ಳುತ್ತೇನೆ.

ಮೊನ್ನೆ 500 ಮುಗಿಯಿತು. ವುಡ್‌ವರ್ಡ್‌ಗೆ ಬಂದೆವು. ರಸ್ತೆ ಖಾಲಿ. ಎರಡನೇ ಗೇರು ಬೆಣ್ಣೆಯ ಹಾಗೆ ಬಿತ್ತು. ಮೂರನೆಯದಕ್ಕೆ ಕೈ ಹಾಕಿದೆ. ಅಪ್ಪ ಸ್ವಲ್ಪ ಮುಂದಕ್ಕೆ ಬಾಗಿ, ಸ್ಪೀಡೋಮೀಟರ್ ಕಡೆ ಕಣ್ಣು ಕಿರಿದು ಮಾಡಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು:

"ಚೆಕ್... ಇಂಜಿನ್."