ಗಂಟಿನವರ ಸಭೆಗೆ ಕತ್ತರಿ

ಮೊನ್ನೆ ಮಡಿಕೇರಿಯಲ್ಲಿ ಗಂಟುಗಳ ಮೇಲೊಂದು ಸಮ್ಮೇಳನ. ಮದುವೆಯ ಬ್ರಹ್ಮಗಂಟಲ್ಲ, ಗಣಿತದ ಗಂಟು. ಲೋ ಡೈಮೆನ್ಷನಲ್ ಟೋಪಾಲಜಿ ಅಂತಾರೆ, ಅಂದರೆ ಕಡಿಮೆ ಆಯಾಮಗಳ ಆಕಾರಗಳ ಗಣಿತ. ಮೂರು, ನಾಲ್ಕು ಆಯಾಮಗಳ ಸಹವಾಸ.

"ಲೋ ಯಾಕ್ರೀ? ಹೈ ಮಾಡಿಸಿ, ಅನುದಾನ ಕೊಡಿಸೋಣ" ಎಂದರು ಉದ್ಘಾಟಕರು. ಚಪ್ಪಾಳೆ ಬಿತ್ತು. ಆದರೆ ತೂತಿಲ್ಲದ ಆಕಾರವೆಲ್ಲ ಮೂಲದಲ್ಲಿ ಗೋಳವೇ ತಾನೇ ಎಂದು ಫ್ರಾನ್ಸಿನ ಗಣಿತಜ್ಞ ಪ್ವಾಂಕರೆ 1904ರಲ್ಲಿ ಎತ್ತಿದ ಪ್ರಶ್ನೆ ಐದು ಮತ್ತು ಅದರ ಮೇಲಿನ ಆಯಾಮಗಳಲ್ಲೇ ಮೊದಲು ಬಗೆಹರಿದದ್ದು. ನಾಲ್ಕಕ್ಕೆ 1982 ಬರಬೇಕಾಯಿತು. ಮೂರಂತೂ ರಷ್ಯಾದ ಪೆರೆಲ್ಮನ್ 2002-03ರಲ್ಲಿ ಕೈ ಹಾಕುವ ತನಕ ಜಗ್ಗಲಿಲ್ಲ.

ಈ ಗಣಿತದಲ್ಲಿ ವಸ್ತುವನ್ನು ಎಳೆಯಬಹುದು, ಹಿಂಡಬಹುದು, ಬಗ್ಗಿಸಬಹುದು. ಕತ್ತರಿಸೋ ಹಾಗಿಲ್ಲ. ಅಂಥ ಸಭೆ ಶುರುವಾದದ್ದು ಟೇಪು ಕತ್ತರಿಸಿ! ಕತ್ತರಿ ಬೇರೆ ಮೊಂಡು. ಮೂರು ಸಲ ಒತ್ತಿದರೂ ಟೇಪು ಹಿಗ್ಗಿತೇ ಹೊರತು ತುಂಡಾಗಲಿಲ್ಲ. ಇಡೀ ದಿನ ಟೋಪಾಲಜಿ ನಿಯಮ ಪಾಲಿಸಿದ್ದು ಅದೊಂದೇ.

ಆಮೇಲೆ ಶಾಲು, ಪೇಟ, ಹಾರ, ನೆನಪಿನ ಕಾಣಿಕೆ. ಪೆರೆಲ್ಮನ್ 2010ರಲ್ಲಿ ಆ ಪ್ರಶ್ನೆಗಿದ್ದ ಹತ್ತು ಲಕ್ಷ ಡಾಲರ್ ಬಹುಮಾನವನ್ನೇ ಬೇಡ ಅಂದವರು. ನಮ್ಮ ವೇದಿಕೆಯಲ್ಲಿ ಶಾಲು ಸಾಲದೆ ಇಬ್ಬರು ಮುನಿಸಿಕೊಂಡರು.

ಟೋಪಾಲಜಿಯವರಿಗೆ ಕಾಫಿ ಕಪ್ಪೂ ಉದ್ದಿನ ವಡೆಯೂ ಒಂದೇ, ಎರಡಕ್ಕೂ ಒಂದೇ ತೂತು. ಅದನ್ನು ತೋರಿಸೋಣವೆಂದು ಹಿರಿಯ ಪ್ರೊಫೆಸರ್ ಕಪ್ಪು ಎತ್ತಿದರೆ, ಹಿಡಿಯೇ ಇಲ್ಲದ ಪೇಪರ್ ಕಪ್ಪು! ಲೆಕ್ಕ ಹಾಕಿದರೆ ಅದು ವಡೆಯಲ್ಲ, ತೂತಿಲ್ಲದ ಅಕ್ಕಿ ಉಂಡೆ ಕಡಂಬುಟ್ಟು. ಒಳಗಿದ್ದದ್ದು ಸ್ಯಾಶೆ ಪುಡಿಯ ಕಾಫಿ. ಸುತ್ತಲೂ ಕಾಫಿ ತೋಟ, ಕುಡಿಯೋಕೆ ಸ್ಯಾಶೆ. ಇದನ್ನು ಯಾವ ಆಯಾಮಕ್ಕೆ ಸೇರಿಸೋದೋ ಗೊತ್ತಿಲ್ಲ.

ದಾರ ಹನ್ನೊಂದು ಕಡೆ ತನ್ನನ್ನೇ ದಾಟುವ, ಗಣಿತಜ್ಞ ಕಾನ್ವೇ ಹೆಸರಿನ ಗಂಟಿನ ಬಗ್ಗೆ ಸುಮಾರು ಐವತ್ತು ವರ್ಷ ಉಳಿದಿದ್ದ ಪ್ರಶ್ನೆಯನ್ನು ಅಮೆರಿಕದ ವಿದ್ಯಾರ್ಥಿನಿ ಲೀಸಾ ಪಿಚಿರಿಲ್ಲೊ 2018ರಲ್ಲಿ ಒಂದು ವಾರದೊಳಗೆ ಮುಗಿಸಿದರು. ನಮ್ಮಲ್ಲಿ ಸ್ವಾಗತ ಭಾಷಣವೇ ಮುಗಿಯಲಿಲ್ಲ. ಆ ಗಂಟಿನ ಬಗ್ಗೆಯೇ ಮಾತಾಡಲು ಬಂದಿದ್ದ ಹುಡುಗಿಗೆ ಕೊನೆಗೆ ಐದು ನಿಮಿಷ ಸಿಕ್ಕಿತು. ಅಷ್ಟರಲ್ಲಿ ಕರೆಂಟೂ ಹೋಗಿ, ಸಭೆ ಪಂದಿಕರಿಯ ವಾಸನೆ ಹಿಡಿದು ಊಟದ ಕಡೆ ಹೊರಟಿತ್ತು.

ಅವಳು, ಕೊನೆಗೂ ತುಂಡಾಗಿ ಬಾಗಿಲಲ್ಲಿ ಬಿದ್ದಿದ್ದ ಟೇಪನ್ನು ಎತ್ತಿಕೊಂಡಳು. ಒಂದು ಗಂಟು ಹಾಕಿ, ಎರಡೂ ತುದಿ ಸೇರಿಸಿ ಪಿನ್ನು ಚುಚ್ಚಿದಳು. ಮೂರು ದಾಟುಗಳ ಗಂಟು. ನೋಡಲು ಉಳಿದಿದ್ದವರು ನಾನು ಮತ್ತು ಮೈಕ್ ಸೆಟ್ಟಿನ ಹುಡುಗ.

"ಇದನ್ನ ಬಿಚ್ಚೋಕೆ ಆಗಲ್ವಾ ಮೇಡಂ?"

"ಕತ್ತರಿಸದೆ ಆಗಲ್ಲ."

"ಹಾಗಾದ್ರೆ ಸಾಹೇಬ್ರನ್ನ ವಾಪಸ್ ಕರೀಲಾ?"